ಬೈಕ್ ಎಷ್ಟು ವಾಲುತ್ತದೆ? ನಾನು ಲೆಕ್ಕ ಹಾಕುವ ಬಗೆ

ಹ್ಯಾಂಡಲ್‌ಗೆ ಮೊಬೈಲ್ ಕಟ್ಟಿ ಮಟ್ಟ ನೋಡುವ ಆ್ಯಪ್ ಹಾಕಿಕೊಂಡರೆ ತಿರುವಿನಲ್ಲೂ ಅದು ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸರಿಯಾಗಿ ವಾಲಿದ ಬೈಕಿನಲ್ಲಿ ಭಾರ, ತಿರುವಿನ ಎಳೆತ ಎರಡೂ ಸೇರಿ ಟಯರಿನತ್ತಲೇ ಒತ್ತುತ್ತವೆ. ಮಟ್ಟದ ಗುಳ್ಳೆಯೂ ಮೋಸಹೋಗುತ್ತದೆ. ಹಾಗಾಗಿ ನಾನು ತಿರುವನ್ನೇ ಅಳೆಯುತ್ತೇನೆ.

ವಾಹನ ಓಡಾಡದ ಊರೊಳಗಿನ ರಸ್ತೆ ಬೇಕು, ಆಗುಂಬೆ ಘಾಟಿಯಲ್ಲಿ ಈ ಕೆಲಸ ಬೇಡವೇ ಬೇಡ. ಬಲ ತಿರುವಿನ ಹೊರ ಅಂಚಿನಲ್ಲಿ 10 ಮೀಟರ್ ಹಗ್ಗವನ್ನು ಎರಡೂ ತುದಿ ಅಂಚಿಗೆ ತಾಗುವಂತೆ ಬಿಗಿದು, ನಡುವೆ ಹಗ್ಗಕ್ಕೂ ಅಂಚಿಗೂ ಎಷ್ಟು ಸಂದು ಎಂದು ನೋಡಿ. 42 ಸೆಂ.ಮೀ. ಬಂದರೆ ತ್ರಿಜ್ಯ 30 ಮೀಟರ್ (ಹಗ್ಗದ ಉದ್ದದ ವರ್ಗವನ್ನು ಸಂದಿನ ಎಂಟರಷ್ಟರಿಂದ ಭಾಗಿಸಿ, ಅರ್ಧ ಸಂದು ಕೂಡಿಸಿ). ಮಳೆಗೆ ಡಾಂಬರಿನ ಅಂಚು ಕಿತ್ತುಹೋಗಿದ್ದರೆ ಲೆಕ್ಕವೇ ಕೆಡುತ್ತದೆ, ಆಗ ಬಿಳಿ ಗೆರೆ ಹಿಡಿಯಿರಿ. ಬೈಕ್ ಅಂಚಿನಿಂದ 2 ಮೀಟರ್ ಒಳಗೆ ಓಡುವುದಾದರೆ 28 ಎಂದುಕೊಳ್ಳಿ.

ಕಿ.ಮೀ. ವೇಗವನ್ನು 3.6ರಿಂದ ಭಾಗಿಸಿ, ವರ್ಗ ಮಾಡಿ, ತ್ರಿಜ್ಯ ಮತ್ತು 9.8ರ ಗುಣಲಬ್ಧದಿಂದ ಭಾಗಿಸಿ. ಯಾವ ಕೋನದ ಟ್ಯಾನ್ ಆ ಸಂಖ್ಯೆಯೋ ಅದೇ ವಾಲಿಕೆ. ಈ ತಿರುವಿನಲ್ಲಿ ಗಂಟೆಗೆ 30 ಕಿ.ಮೀ. ವೇಗಕ್ಕೆ 14 ಡಿಗ್ರಿ, 40ಕ್ಕೆ 24, 50ಕ್ಕೆ 35. ವೇಗ 20 ಏರುವಷ್ಟರಲ್ಲಿ ವಾಲಿಕೆ ಎರಡೂವರೆ ಪಟ್ಟು! ಬೈಕಿನ ತೂಕ ಇದರಲ್ಲಿ ಎಲ್ಲೂ ಬರುವುದಿಲ್ಲ. ಭಾರದ ಗಾಡಿ ಹೆಚ್ಚು ವಾಲಬೇಕೆನ್ನುವುದು ತಪ್ಪು. ಟಯರ್ ಅಗಲವಾದಷ್ಟೂ ನೆಲ ತಾಗುವ ಜಾಗ ಒಳಗೆ ಸರಿಯುವುದರಿಂದ ಕೆಲವು ಡಿಗ್ರಿ ಹೆಚ್ಚೇ ಬೇಕು. ಮೈಯನ್ನು ಒಳಗೆ ಸರಿಸಿ ಕೂತರೆ ಅಷ್ಟು ಉಳಿಯುತ್ತದೆ.

ಗಾಡಿಯ ಮಿತಿ ತಿಳಿಯಲು ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಬೈಕ್ ನೆಟ್ಟಗಿಟ್ಟು, ಫುಟ್‌ರೆಸ್ಟ್ ತುದಿ ನೆಲದಿಂದ ಎಷ್ಟು, ಟಯರಿನ ನಡುಗೆರೆಯಿಂದ ಎಷ್ಟು ದೂರ ಎಂದು ಅಳೆಯಿರಿ. 25 ಮತ್ತು 33 ಸೆಂ.ಮೀ. ಆದರೆ, 25ನ್ನು 33ರಿಂದ ಭಾಗಿಸಿದ್ದು ಯಾವ ಕೋನದ ಟ್ಯಾನೋ ಅದೇ ಮಿತಿ, ಸುಮಾರು 37 ಡಿಗ್ರಿ. ಅದಷ್ಟೂ ನಿಮ್ಮದಲ್ಲ: 35 ಡಿಗ್ರಿಯಲ್ಲಿ ಸಸ್ಪೆನ್ಷನ್ ಮೇಲೆ 1.2 ಪಟ್ಟು ಭಾರ ಬಿದ್ದು ಫುಟ್‌ರೆಸ್ಟ್ ಇನ್ನೂ ಕೆಳಗಿಳಿಯುತ್ತದೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಫುಟ್‌ರೆಸ್ಟ್ ತಾಗುವ ಮೊದಲೇ ಟಯರ್ ಜಾರುತ್ತದೆ. ಮೇಲೆ ಬಂದ ಟ್ಯಾನ್ ಸಂಖ್ಯೆಯೇ ಟಯರಿಗೆ ಬೇಕಾದ ಹಿಡಿತ. 50ಕ್ಕೆ ಅದು 0.7; ಒಣ ಡಾಂಬರು ಕೊಟ್ಟೀತು, ಒದ್ದೆ ರಸ್ತೆಯನ್ನು ಅಷ್ಟಕ್ಕೆ ನಂಬಬಾರದು. ಮೀನಿನ ಲಾರಿ ಸುರಿಸಿಕೊಂಡು ಹೋದ ನೀರು, ಮರದಡಿಯ ಪಾಚಿ, ಕೊಚ್ಚಿ ಬಂದ ಕೆಂಪು ಮಣ್ಣಿಗೆ ಇನ್ನೂ ಕಡಿಮೆ. ತಿರುವಿನೊಳಗೆ ಬ್ರೇಕ್ ಹಿಡಿದರೆ ಅದೂ ಅದೇ ಹಿಡಿತದಲ್ಲೇ ಪಾಲು ಕೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಲೆಕ್ಕ 15 ಡಿಗ್ರಿ ದಾಟುವುದಿಲ್ಲ. 10 ಮೀಟರ್ ತ್ರಿಜ್ಯದ ಹೇರ್‌ಪಿನ್‌ನಲ್ಲಿ ಅದು ಗಂಟೆಗೆ 18 ಕಿ.ಮೀ.