'ಕೆಟ್ಟದ್ದಲ್ಲ' ಬೇರೆ, 'ಕೆಟ್ಟದ್ದೇನಲ್ಲ' ಬೇರೆ: ರಷ್ಯನ್ ನ್ಯೂನೋಕ್ತಿಯನ್ನು ಕನ್ನಡಕ್ಕೆ ತರುವ ಬಗೆ

ಕಾಸರಗೋಡಿನ ಕಡೆಯ ಮನೆಯಲ್ಲಿ "ಊಟಕ್ಕೆ ವಿಶೇಷ ಏನಿಲ್ಲ, ಒಂದು ಸಾರು ಮಾಡಿದ್ದಷ್ಟೆ" ಎಂದರೆ ಬಾಳೆಲೆಯಲ್ಲಿ ಜಾಗ ಸಾಲುವುದಿಲ್ಲ ಎಂದೇ ಅರ್ಥ. ರಷ್ಯನ್ನರು ಅತಿಥಿಯನ್ನು ಮೇಜಿಗೆ ಕರೆಯುವಾಗ "ಚೆಮ್ ಬಗಾತಿ, ತೆಮ್ ಇ ರಾದಿ" ಅನ್ನುತ್ತಾರೆ: ನಮ್ಮಲ್ಲಿ ಇರುವುದು ಇಷ್ಟು, ಇದರಲ್ಲೇ ಸಂತೋಷ. ಮೇಜು ತುಂಬಿರುತ್ತದೆ. ಇದ್ದುದನ್ನು ತಗ್ಗಿಸಿ ಹೇಳುವ ಈ ಮಾತುಗಾರಿಕೆ, ಅಂದರೆ ನ್ಯೂನೋಕ್ತಿ, ಎರಡೂ ಕಡೆ ಇದೆ. ಆದರೂ ಅನುವಾದದಲ್ಲಿ ಅದು ಮೊದಲ ಪುಟದಲ್ಲೇ ಸೋರಿಹೋಗುತ್ತದೆ. ಎಲ್ಲಿ ಸೋರುತ್ತದೆ, ಹೇಗೆ ತಡೆಯಬೇಕು ಎನ್ನುವುದನ್ನು ನೋಡೋಣ.

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳಬೇಕು. ರಷ್ಯನ್ನಲ್ಲಿ ಇದಕ್ಕೆ 'ಲಿತೋತ' ಎನ್ನುತ್ತಾರೆ. ಇಂಗ್ಲಿಷ್ ಸಾಹಿತ್ಯ ಓದಿ ಬಂದವರು ಇಲ್ಲೇ ಎಡವುತ್ತಾರೆ. ಇಂಗ್ಲಿಷಿನ ಲೈಟೋಟೀಸ್ ಎಂದರೆ ವಿರುದ್ಧಪದವನ್ನು ಅಲ್ಲಗಳೆದು ಹೇಳುವುದು, ಅಷ್ಟೆ. ರಷ್ಯನ್ ಲಿತೋತ ಅದೂ ಹೌದು, ಅತಿಶಯೋಕ್ತಿಯನ್ನು ತಲೆಕೆಳಗು ಮಾಡಿ ಆನೆಯನ್ನು ಇರುವೆ ಮಾಡುವುದೂ ಹೌದು. ಅಲ್ಲಿನ ಶಾಲೆಯ ಪುಸ್ತಕಗಳಲ್ಲಿ ಎರಡನೆಯದಕ್ಕೇ ಹೆಚ್ಚು ಉದಾಹರಣೆ.

ಇನ್ನು ಕೆಲಸ. ಮೂಲದ ಒಂದು ಪುಟ ತೆಗೆದುಕೊಂಡು 'ನೆ' (ಅಲ್ಲ), 'ನಿ' (ಅದೂ ಅಲ್ಲ, ಇದೂ ಅಲ್ಲ ಎನ್ನುವಾಗ ಬರುವುದು), 'ಬೆಜ್' (ಇಲ್ಲದೆ) ಎಂಬ ನಿಷೇಧಗಳು ಬಂದಲ್ಲೆಲ್ಲ ಪೆನ್ಸಿಲ್ ಗೆರೆ ಹಾಕಿ, ಮೂರು ರಾಶಿ ಮಾಡಿ. "ನಿಕ್ತೋ ನಿಚೆವೋ ನೆ ಸ್ಕಜಾಲ್" ಎಂಬಲ್ಲಿ ನಿಷೇಧ ಮೂರಿದ್ದರೂ ಅರ್ಥ ಒಂದೇ, ಯಾರೂ ಏನೂ ಹೇಳಲಿಲ್ಲ. ಇದು ವ್ಯಾಕರಣ, ಅಲಂಕಾರವಲ್ಲ, ಬದಿಗಿಡಿ. 'ನೆಬೊಲ್ಶೋಯ್' ಅಕ್ಷರಶಃ 'ದೊಡ್ಡದಲ್ಲದ', ಆದರೆ ಬಳಸಿ ಬಳಸಿ ಸವೆದು ಬರೇ 'ಸಣ್ಣ' ಆಗಿದೆ, ಅದನ್ನೂ ಬದಿಗಿಡಿ. ಮೂರನೆಯ ರಾಶಿ ಮಾತ್ರ ನಮ್ಮದು: "ನೆ ಬೆಜ್ ಉದೊವೋಲ್ಸ್ತ್ವಿಯ" (ಸಂತೋಷ ಇಲ್ಲದೆ ಅಲ್ಲ), "ನೆ ಮೋಗ್ ನೆ ಜಸ್ಮೆಯಾತ್ಸ" (ನಗದೆ ಇರಲಾಗಲಿಲ್ಲ) ಇಂಥವು. ಅನುಮಾನ ಬಂದರೆ ಆ ಜಾಗದಲ್ಲಿ ನೇರ ಪದ ಇಟ್ಟು ಓದಿ. ಧಾಟಿ ಬದಲಾದರೆ ಅದು ನ್ಯೂನೋಕ್ತಿ. ಬದಲಾಗದಿದ್ದರೆ ಸವೆದ ಪದ.

ಈಗ ಕನ್ನಡದ ಹತ್ಯಾರು. ಹೆಚ್ಚಿನ ಅನುವಾದಗಳು 'ನೆ' ಕಂಡ ಕೂಡಲೇ 'ಅಲ್ಲ' ಹಾಕಿಬಿಡುತ್ತವೆ. ತಪ್ಪು ಆಗುವುದು ಅಲ್ಲಿ. "ಅವನು ದಡ್ಡನಲ್ಲ" ಎಂದರೆ ಬರೇ ಮಾಹಿತಿ. "ಅವನು ದಡ್ಡನೇನಲ್ಲ" ಎಂದರೆ ಜಾಣ, ನೀನು ಸ್ವಲ್ಪ ಹುಷಾರಾಗಿರು ಎಂಬ ಸೂಚನೆ. ನಡುವೆ ಕೂತ 'ಏನು' ಎಂಬ ಎರಡಕ್ಷರವೇ ಕನ್ನಡದ ಲಿತೋತ. ಇದು ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು. ರಷ್ಯನ್ನಲ್ಲಿ ಒಬ್ಬ "ನೆ ದುರಾಕ್ ವಿಪಿತ್" ಎಂದರೆ ಅಕ್ಷರಕ್ಕೆ 'ಕುಡಿಯುವುದರಲ್ಲಿ ಮೂರ್ಖನಲ್ಲ'. ಕನ್ನಡದಲ್ಲಿ "ಕುಡಿಯುವುದರಲ್ಲಿ ಹಿಂದೆ ಬಿದ್ದವನೇನಲ್ಲ". ಪುಕ್ಕಲನನ್ನು "ಧೈರ್ಯವಂತರ ಹತ್ತು ಜನರಲ್ಲಿ ಒಬ್ಬನಲ್ಲ" ಅನ್ನುತ್ತಾರೆ. ನಮಗೆ "ಧೈರ್ಯಕ್ಕೆ ಹೆಸರಾದವನೇನಲ್ಲ" ಸಾಕು. 'ನೆಬೆಜಿಜ್ವೆಸ್ತ್ನಿ' (ಅಕ್ಷರಕ್ಕೆ 'ಅಪರಿಚಿತನಲ್ಲದ') ಎಂಬ ಪದಕ್ಕೆ ತುಸು ವ್ಯಂಗ್ಯದ ಮೂತಿ ಇರುತ್ತದೆ. ಅದನ್ನು 'ಸುಪ್ರಸಿದ್ಧ' ಎಂದು ಬರೆದರೆ ಸನ್ಮಾನಪತ್ರ ಆಗುತ್ತದೆ. "ನಮಗೆ ಗೊತ್ತಿಲ್ಲದ ಜನವೇನಲ್ಲ" ಎಂದರೆ ಮೂತಿ ಉಳಿಯುತ್ತದೆ.

ಒಂದು ಪುಟದಲ್ಲಿ 'ಏನಲ್ಲ' ಎರಡು ಸಲಕ್ಕಿಂತ ಹೆಚ್ಚು ಬಂದರೆ ಕಿವಿಗೆ ಚುಚ್ಚುತ್ತದೆ. "ಸಂತೋಷವಾಗದೆ ಇರಲಿಲ್ಲ", "ಅನ್ನುವ ಹಾಗಿಲ್ಲ", "ಅಷ್ಟಕ್ಕಷ್ಟೆ" ಇವುಗಳನ್ನು ನಡುನಡುವೆ ಬಳಸಿ. 'ಅಷ್ಟಕ್ಕಷ್ಟೆ' ಅಂತೂ ರಷ್ಯನ್ 'ತಾಕ್ ಸೆಬೆ'ಯ ಅವಳಿ.

'ನಿಚೆವೋ'ಗೆ ಒಂದು ಸಂಜೆ ಮೀಸಲಿಡಬೇಕು. ಪದದ ಅರ್ಥ 'ಏನೂ (ಇಲ್ಲ)'. ಹೇಗಿದ್ದೀರಿ ಎಂದರೆ "ನಿಚೆವೋ". ತುಳುವಿನಲ್ಲಿ "ದಾನೆ ವಿಶೇಷ?" ಎಂದರೆ "ದಾಲ ಇಜ್ಜಿ" ಅನ್ನುವುದಿಲ್ಲವೆ, ಅದೇ ಧಾಟಿ. ಕಾಲು ತುಳಿದವನು ಕ್ಷಮೆ ಕೇಳಿದರೂ ಉತ್ತರ "ನಿಚೆವೋ". ಅಲ್ಲಿ ನಮ್ಮ ಕಡೆಯ "ಸಾರ ಇಲ್ಲ" ಬಿಟ್ಟು ಬೇರೆ ಹುಡುಕುವುದು ಬೇಡ. ಒಬ್ಬಾಕೆಯನ್ನು ನೋಡಿ "ನಿಚೆವೋ" ಎಂದರೆ ಲಕ್ಷಣವಾಗಿದ್ದಾಳೆ ಎಂದು. ಆದರೆ ಹಿಂದೆ 'ಸೆಬೆ' ಸೇರಿ "ನಿಚೆವೋ ಸೆಬೆ!" ಆದರೆ ಪೂರಾ ತಿರುಗುತ್ತದೆ, "ಅಬ್ಬಬ್ಬಾ!" ಎಂಬ ಬೆರಗು. ತೂಕ ಗೊತ್ತಾಗದಿದ್ದರೆ ರಷ್ಯನ್ ಶಾಲೆಯ 5 ಅಂಕದ ಪದ್ಧತಿಯ ಮೇಲೆ ಇಟ್ಟು ನೋಡಿ: ನಮ್ಮ ಲೆಕ್ಕದಲ್ಲಿ 'ನಿಚೆವೋ' 3ಕ್ಕಿಂತ ತುಸು ಮೇಲೆ, 'ನೆಪ್ಲೋಖೊ' (ಕೆಟ್ಟದ್ದೇನಲ್ಲ) 4ರ ಹತ್ತಿರ. ಮಲಯಾಳ ಕಿವಿಗೆ ಬೀಳುವವರಿಗೆ ಇನ್ನೂ ಸುಲಭ: ಒಂದು 'ಕುಳಪ್ಪಮಿಲ್ಲ', ಇನ್ನೊಂದು 'ತರಕ್ಕೇಡಿಲ್ಲ'.

ರಷ್ಯನ್ನಲ್ಲಿ ವಿಶೇಷಣದ ಬಾಲಕ್ಕೆ 'ಓವಾತ್' ಸೇರಿಸಿದರೆ ಗುಣ ಒಂದು ಮೆಟ್ಟಿಲು ಇಳಿಯುತ್ತದೆ. 'ದೊರೊಗೊವಾತೊ' ಎಂದರೆ 'ಕ್ರಯ ಸ್ವಲ್ಪ ಜಾಸ್ತಿಯೇ ಆಯಿತು', ಅಂದರೆ ಕೊಳ್ಳುವುದಿಲ್ಲ. ಕಣ್ಣಿಗೆ ಬೀಳದ ಈ ಬಾಲ ಬಿಟ್ಟುಹೋದರೆ ಏನಾಗುತ್ತದೆ ನೋಡಿ. ಕವಿ ಪುಷ್ಕಿನ್ 1826ರಲ್ಲಿ ಗೆಳೆಯ ವ್ಯಾಜೆಮ್‌ಸ್ಕಿಗೆ ಬರೆದ ಕಾಗದದಲ್ಲಿ ಕವಿತೆ 'ಗ್ಲುಪೊವಾತ' ಆಗಿರಬೇಕು ಅನ್ನುತ್ತಾನೆ. "ಕವಿತೆ ಮೂರ್ಖವಾಗಿರಬೇಕು" ಎಂದು ಅನುವಾದಿಸಿದರೆ ಸಿದ್ಧಾಂತ ಮಂಡಿಸಿದ ಹಾಗಾಯಿತು, ಜಗಳಕ್ಕೂ ಆಯಿತು. ಪುಷ್ಕಿನ್ ಹೇಳಿದ್ದು ಕಣ್ಣು ಮಿಟುಕಿಸಿ: "ಕವಿತೆ ಎನ್ನುವುದು, ದೇವರು ಕ್ಷಮಿಸಲಿ, ತುಸು ಪೆದ್ದಾಗಿರಬೇಕು." ಆ 'ತುಸು' ಬಿಟ್ಟರೆ ಪುಷ್ಕಿನ್ನೇ ಇಲ್ಲ.

ಕುಗ್ಗಿಸಿ ಹೇಳುವ ಬಗೆಯಲ್ಲಿ ಅಳತೆಗೋಲು ಬದಲಿಸಲು ಹೆದರಬೇಡಿ. ಅವರಿಗೆ ಹತ್ತಿರದ ಮನೆ 'ಎರಡು ಹೆಜ್ಜೆ', ನಮಗೆ 'ನಾಲ್ಕು ಹೆಜ್ಜೆ'. ಅವರದು 'ಕೈ ಚಾಚಿದರೆ ಸಿಗುವಷ್ಟು', ನಮ್ಮದು 'ಕೂಗಳತೆ'. ಅತಿ ಸ್ವಲ್ಪ ಎನ್ನುವುದಕ್ಕೆ ಅವರು "ಬೆಕ್ಕು ಅತ್ತಷ್ಟು" ಅನ್ನುತ್ತಾರೆ. ಇದನ್ನು ಮಾತ್ರ ಹಾಗೇ ಇಡಬಹುದು, ಓದುಗನಿಗೆ ತಾನಾಗಿ ತಿಳಿಯುತ್ತದೆ, ಚಂದವೂ ಇದೆ. ನೆಕ್ರಾಸೊವ್‌ನ 1861ರ 'ರೈತರ ಮಕ್ಕಳು' ಕವಿತೆಯಲ್ಲಿ ಚಳಿಗಾಲದ ಕಾಡಿನಿಂದ ಸೌದೆ ಗಾಡಿಯ ಕುದುರೆಯನ್ನು ಹಿಡಿದು ನಡೆಸಿಕೊಂಡು ಬರುವ ಆರು ವರ್ಷದ ಹುಡುಗನಿದ್ದಾನೆ. ದೊಡ್ಡ ಬೂಟು, ಕುರಿತೊಗಲಿನ ಕೋಟು, ದೊಡ್ಡ ಕೈಗವಸು, ಆಸಾಮಿ ಮಾತ್ರ 'ಉಗುರಿನಷ್ಟು'. 'ಚೋಟುದ್ದ' ಎಂದು ಬದಲಿಸುವುದೇ ನಮಗೆ ಸರಿ ಕಾಣುತ್ತದೆ. ಚೋಟುದ್ದದವನು ದೊಡ್ಡ ಗಂಡಸಿನ ಹಾಗೆ ಮಾತಾಡುತ್ತಾನೆ, ಮನೆಯಲ್ಲಿ ಗಂಡಾಳು ಅಪ್ಪ ಮತ್ತು ತಾನು ಇಬ್ಬರೇ ಅನ್ನುತ್ತಾನೆ. 'ಪುಟಾಣಿ' ಎಂದು ಬರೆದರೆ ಮುದ್ದು ಹೆಚ್ಚಾಗಿ ಬಡತನ ಮರೆಯಾಗುತ್ತದೆ.

ಕೈ ಪಳಗಬೇಕಾದರೆ ಗೊಗೊಲ್‌ನ 'ಸತ್ತ ಜೀವಗಳು' (1842) ಕಾದಂಬರಿಯ ಮೊದಲ ಪ್ಯಾರಾ ಅನುವಾದಿಸಿ ನೋಡಿ. ಕಥಾನಾಯಕ ಚಿಚಿಕೊವ್ ಊರಿಗೆ ಬರುವುದು ಮೂರು ಜೋಡಿ, ಅಂದರೆ ಆರು ನಿಷೇಧಗಳ ಮೇಲೆ ಕೂತು. ಪ್ರತಿ ಜೋಡಿಯ ಕಟ್ಟು ಬೇರೆ: ಒಂದು ಕಡೆ 'ನೆ', ಇನ್ನೊಂದು ಕಡೆ 'ನಿ', ಕೊನೆಗೆ 'ಅನ್ನುವ ಹಾಗಿಲ್ಲ'. ಕನ್ನಡದಲ್ಲಿ ಆರೂ 'ಅಲ್ಲ'ದಲ್ಲಿ ಮುಗಿದರೆ ಚೆಂಡೆ ಬಡಿದ ಹಾಗೆ ಕೇಳುತ್ತದೆ. ಹೀಗೆ ಬಿಡಿಸಿಕೊಳ್ಳಬಹುದು: "ಚೆಲುವನಲ್ಲ, ಹಾಗಂತ ನೋಡಲು ಕೆಟ್ಟದಾಗಿಯೇನೂ ಇರಲಿಲ್ಲ, ಅತಿ ದಪ್ಪವೂ ಇಲ್ಲ, ಅತಿ ತೆಳುವೂ ಇಲ್ಲ, ವಯಸ್ಸಾಗಿದೆ ಅನ್ನುವ ಹಾಗಿಲ್ಲ, ತೀರ ಎಳೆಯ ಪ್ರಾಯವೆಂದೂ ಅಲ್ಲ." ಉದ್ದವಾಯಿತೆಂದು "ಸಾಧಾರಣ ರೂಪಿನ ನಡುವಯಸ್ಸಿನವ" ಎಂದು ಮೊಟಕು ಮಾಡಿದರೆ ಕೆಲಸ ಕೆಟ್ಟಿತು. ಹಿಡಿಯಲು ಹೋದರೆ ನುಣುಚಿಕೊಳ್ಳುವ ಆಸಾಮಿ ಎಂದು ಗೊಗೊಲ್ ಆ ಆರು ನಿಷೇಧಗಳಲ್ಲೇ ಹೇಳಿಬಿಟ್ಟಿದ್ದಾನೆ.

ಎಲ್ಲಕ್ಕಿಂತ ಕಷ್ಟದ್ದು ಪದದಲ್ಲಿ ಕಾಣದ ನ್ಯೂನೋಕ್ತಿ. ಚೆಕಾಫನ 'ವಾನ್ಯಾ ಮಾವ' ನಾಟಕದ ಕೊನೆಯ ಅಂಕದಲ್ಲಿ ಗೋಡೆಗೆ ಆಫ್ರಿಕಾದ ಭೂಪಟ ತೂಗುತ್ತದೆ. ಇಲ್ಲಿ ಯಾರಿಗೂ ಬೇಡವಾದದ್ದು ಎಂದು ರಂಗಸೂಚನೆಯೇ ಇದೆ. ಎಲ್ಲ ಮುರಿದುಬಿದ್ದ ಮೇಲೆ ಹೊರಟುನಿಂತ ಡಾಕ್ಟರ್ ಆಸ್ತ್ರೊವ್ ಅದರ ಹತ್ತಿರ ಹೋಗಿ, ಈ ಆಫ್ರಿಕಾದಲ್ಲಿ ಈಗ ಭಯಂಕರ ಸೆಕೆ ಇರಬೇಕು ಅನ್ನುತ್ತಾನೆ. 'ನೆ' ಇಲ್ಲ, 'ಓವಾತ್' ಇಲ್ಲ, ಪೆನ್ಸಿಲಿಗೆ ಗೆರೆ ಹಾಕಲು ಏನೂ ಸಿಗುವುದಿಲ್ಲ. ಇಲ್ಲಿ 'ನಿಟ್ಟುಸಿರಿಟ್ಟು', 'ಭಾರವಾದ ದನಿಯಲ್ಲಿ' ಎಂದು ಸೇರಿಸುವ ಆಸೆ ಎಲ್ಲ ಅನುವಾದಕರಿಗೂ ಬರುತ್ತದೆ. ಸೇರಿಸಬೇಡಿ. ಏಪ್ರಿಲ್ ಮಧ್ಯಾಹ್ನ ಬಸ್ಸು ಕಾಯುವವರು ಆಡುವಂಥ ಚಪ್ಪಟೆ ಮಾತೇ ಬೇಕು: "ಈ ಆಫ್ರಿಕಾದಲ್ಲಿ ಈಗ ಸೆಕೆ ಅಂದರೆ ಸೆಕೆ ಇರಬಹುದು." ಅದಕ್ಕೆ ವಾನ್ಯಾ ಕೊಡುವ ಉತ್ತರವನ್ನೂ ಹಾಗೇ ಬಿಡಿ: "ಹೌದು, ಇದ್ದೀತು."