ವಿಂಡೋಸ್ 11ರಲ್ಲಿ ಪೈಥಾನ್ ಸಜ್ಜು ಮಾಡಿಕೊಳ್ಳುವುದು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ನಡ ಪಠ್ಯದ ಜೊತೆ ಕೆಲಸ ಮಾಡುವ ಪ್ರೋಗ್ರಾಂ ಬರೆಯಲು ಹೊರಟವರಿಗೆ ಈ ಕ್ರಮ. ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

ಪೈಥಾನ್ ಡಾಟ್ ಆರ್ಗ್‌ನಿಂದ 3.13ರ 64-ಬಿಟ್ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ತೆರೆದ ಕೂಡಲೇ ‘ಇನ್‌ಸ್ಟಾಲ್ ನೌ’ ಒತ್ತಬೇಡಿ. ಅದೇ ಕಿಟಕಿಯ ತಳದಲ್ಲಿ ‘ಆ್ಯಡ್ ಪೈಥಾನ್ ಡಾಟ್ ಇಎಕ್ಸ್‌ಇ ಟು ಪಾಥ್’ ಎಂಬ ಖಾಲಿ ಚೌಕವಿದೆ; ಮೊದಲು ಅದಕ್ಕೆ ಟಿಕ್ ಹಾಕಿ. ಕಮಾಂಡ್ ಕೊಟ್ಟಾಗ ವಿಂಡೋಸ್ ಯಾವ ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಎಂಬ ಪಟ್ಟಿಯೇ ಪಾಥ್. ಟಿಕ್ ಮರೆತವರು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ‘ಪೈಥಾನ್’ ಎಂದು ಟೈಪಿಸಿದರೆ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಟಿಕ್ ಹಾಕಿಯೂ ಹಾಗಾದರೆ, ಮೊದಲೇ ತೆರೆದಿದ್ದ ಟರ್ಮಿನಲ್ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿದೆ ಎಂದರ್ಥ. ಅದನ್ನು ಮುಚ್ಚಿ ಹೊಸದು ತೆರೆಯಿರಿ.

ಪ್ರಾಜೆಕ್ಟ್ ಫೋಲ್ಡರನ್ನು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಒಳಗೆ ಇಡಬೇಡಿ. ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳ) ಸಾವಿರಾರು ಚಿಲ್ಲರೆ ಫೈಲ್‌ಗಳನ್ನು ಅದು ಸುಮ್ಮನೆ ಅಪ್‌ಲೋಡ್ ಮಾಡುತ್ತಾ ಕೂರುತ್ತದೆ.

ಆ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ‘ಪೈಥಾನ್ -ಎಂ ವೆನ್ವ್ ವೆನ್ವ್’ ಕೊಡಿ. ವೆನ್ವ್ ಎಂದರೆ ಒಂದು ಪ್ರಾಜೆಕ್ಟಿನ ಲೈಬ್ರರಿಗಳನ್ನು ಪ್ರತ್ಯೇಕವಾಗಿ ಇಡುವ ಫೋಲ್ಡರ್. ಪ್ರತಿ ಪ್ರಾಜೆಕ್ಟಿಗೂ ಬೇರೆ ವೆನ್ವ್ ಬೇಕೇ ಬೇಕು. ಇದರಲ್ಲಿ ರಾಜಿ ಬೇಡ. ಒಂದಕ್ಕೆ ಹಾಕಿದ ಲೈಬ್ರರಿಯ ಹೊಸ ಆವೃತ್ತಿ ಇನ್ನೊಂದನ್ನು ಕೆಡಿಸುವುದು ಆಗಲೇ ನಿಲ್ಲುವುದು. ನಂತರ ವೆನ್ವ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುವ ‘ಆ್ಯಕ್ಟಿವೇಟ್’ ಓಡಿಸಿ. ಟರ್ಮಿನಲ್‌ನಲ್ಲಿ ತೆರೆದಿರುವುದು ಪವರ್‌ಶೆಲ್ ಆಗಿದ್ದು, ಅದು ಸ್ಕ್ರಿಪ್ಟ್ ಓಡಿಸಲು ಒಪ್ಪದೆ ಕೆಂಪಕ್ಷರ ತೋರಿಸಿದರೆ ಗಾಬರಿ ಬೇಡ, ಅದು ವಿಂಡೋಸ್‌ನ ಸಹಜ ಭದ್ರತಾ ನಿಯಮ. ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದೇ ಆ್ಯಕ್ಟಿವೇಟ್ ತಕರಾರಿಲ್ಲದೆ ಓಡುತ್ತದೆ. ಸಾಲಿನ ಮೊದಲಲ್ಲಿ ಆವರಣದೊಳಗೆ ವೆನ್ವ್ ಹೆಸರು ಕಂಡ ಮೇಲೆಯೇ ಲೈಬ್ರರಿಗಳನ್ನು ಇಳಿಸಿ ಹಾಕುವ ಪಿಪ್ ಕಮಾಂಡ್ ಬಳಸಿ. ವೆನ್ವ್ ಫೋಲ್ಡರನ್ನು ಬೇರೆಡೆಗೆ ಎತ್ತಿಡಬಾರದು. ಅದರೊಳಗೆ ಪೂರ್ಣ ವಿಳಾಸಗಳು ಬರೆದಿರುತ್ತವೆ. ಜಾಗ ಬದಲಿಸಬೇಕಾದರೆ ಅಳಿಸಿ, ಹೊಸದಾಗಿ ಮಾಡಿಕೊಳ್ಳಿ.

ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ಪೈಥಾನ್ ಎಕ್ಸ್‌ಟೆನ್ಶನ್ ಹಾಕಿ, ಕಂಟ್ರೋಲ್-ಶಿಫ್ಟ್-ಪಿ ಒತ್ತಿ, ‘ಸೆಲೆಕ್ಟ್ ಇಂಟರ್‌ಪ್ರಿಟರ್’ನಲ್ಲಿ ಇದೇ ವೆನ್ವ್ ಆರಿಸಿ. ಪಿಪ್‌ನಿಂದ ಹಾಕಿದ ಲೈಬ್ರರಿ ಎಡಿಟರ್‌ಗೆ ಕಾಣದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಇನ್ನು ಕನ್ನಡದ ಪರೀಕ್ಷೆ. ‘ಕನ್ನಡ’ ಎಂಬ ಪದವನ್ನು ಫೈಲ್‌ಗೆ ಬರೆಯುವ ಎರಡು ಸಾಲಿನ ಪ್ರೋಗ್ರಾಂ ಓಡಿಸಿ. ‘ಚಾರ್‌ಮ್ಯಾಪ್’ ಎಂಬ ದೋಷ ಬಂದರೆ, ಫೈಲ್ ತೆರೆಯುವಾಗ ಪೈಥಾನ್ ವಿಂಡೋಸ್‌ನ ಹಳೆಯ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಬಳಸಿದೆ. ಅದರಲ್ಲಿ ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲ. ‘ಓಪನ್’ ಕರೆಯುವಲ್ಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಅದರಲ್ಲಿ ‘ಕನ್ನಡ’ ಪದ ಹೀಗೆ ಕೂರುತ್ತದೆ: ಕ, ನ, ಹಲಂತ, ನ, ಡ, ಹೀಗೆ ಐದು ಸಂಕೇತ, ಒಂದೊಂದಕ್ಕೆ 3 ಬೈಟ್. ಪ್ರಾಪರ್ಟೀಸ್‌ನಲ್ಲಿ ಫೈಲ್ ಗಾತ್ರ 15 ಬೈಟ್ ಇದ್ದರೆ ಎಲ್ಲ ಸರಿಯಾಗಿ ಕೂತಿದೆ.