ಅಲಂಕಾರವನ್ನು ಗುರುತಿಸುವುದು ಹೇಗೆ?

ಅಲಂಕಾರ, ಅಂದರೆ ಮಾತಿಗೆ ಚೆಲುವು ಕೊಡುವ ಪ್ರಯೋಗ, ಅಂದ ಕೂಡಲೇ ಹಲವರಿಗೆ ನೆನಪಾಗುವುದು ಬಾಯಿಪಾಠ ಮಾಡಿದ ಲಕ್ಷಣ. ಆ ಲಕ್ಷಣ ಮರೆತಿದ್ದರೂ ಚಿಂತೆಯಿಲ್ಲ. ಸಾಲು ಏನು ಕೆಲಸ ಮಾಡುತ್ತಿದೆ ಎಂದು ಕೇಳಿಕೊಳ್ಳಿ. ಹೆಸರು ಆಮೇಲೆ ಬರಲಿ.

ಮೊದಲು ಸಾಲನ್ನು ಗಟ್ಟಿಯಾಗಿ ಓದಿ. 'ಕೆರೆಯ ಮೇಲೆ ಕರಿನೆರಳು ಕವಿಯಿತು' ಎಂದು ಓದಿದಾಗ 'ಕ', 'ರ' ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಈಗ ಪದ ಬದಲಿಸಿ ನೋಡಿ: 'ಸರೋವರದ ಮೇಲೆ ಕಪ್ಪು ಛಾಯೆ ಹರಡಿತು'. ಅರ್ಥ ಹೆಚ್ಚುಕಡಿಮೆ ಅದೇ, ಆದರೆ ಆ ನಾದ ಹೋಯಿತು. ಹೀಗೆ ಪದ ಬದಲಿಸಿದರೆ ಚೆಲುವು ಕಳೆದುಹೋಗುವುದಾದರೆ ಅದು ಶಬ್ದಾಲಂಕಾರ. ಇಲ್ಲಿರುವುದು ಅನುಪ್ರಾಸ. ಪದ ಬದಲಾದರೂ ಚೆಲುವು ಉಳಿದರೆ ಅರ್ಥಾಲಂಕಾರ. ಈ ವಿಂಗಡಣೆ ಕನ್ನಡಕ್ಕೆ ಹೊಸದೇನಲ್ಲ. 9ನೇ ಶತಮಾನದ ಕಾವ್ಯಶಾಸ್ತ್ರ ಗ್ರಂಥ ಕವಿರಾಜಮಾರ್ಗದ ಎರಡನೆಯ ಭಾಗ ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ ಮೀಸಲಾಗಿದೆ.

ಮುಂದಿನ ಹೆಜ್ಜೆಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ, ಏಕೆಂದರೆ ಗೊಂದಲ ಹೆಚ್ಚಾಗುವುದು ಇಲ್ಲೇ. ಸಾಲಿನಲ್ಲಿ ಎರಡು ವಸ್ತುಗಳು ಹತ್ತಿರ ಬಂದಿವೆಯಾ ನೋಡಿ. 'ಮರದಿಂದ ಮಳೆಹನಿಗಳು ಕಣ್ಣೀರಿನಂತೆ ಉದುರಿದವು.' ಹನಿ ಉಪಮೇಯ, ಅಂದರೆ ಹೇಳಬೇಕಾದ ವಸ್ತು. ಕಣ್ಣೀರು ಉಪಮಾನ, ಅಂದರೆ ಹೋಲಿಕೆಗೆ ತಂದ ವಸ್ತು. 'ಅಂತೆ' ಎಂಬುದು ಉಪಮಾವಾಚಕ. ಉದುರುವುದು ಸಮಾನಧರ್ಮ, ಅಂದರೆ ಎರಡಕ್ಕೂ ಇರುವ ಗುಣ. ಹೀಗೆ ಹೋಲಿಸಿ ಹೇಳುವುದೇ ಉಪಮೆ. ನಾಲ್ಕೂ ಇದ್ದರೆ ಪೂರ್ಣೋಪಮೆ. 'ಕಣ್ಣೀರಿನಂಥ ಹನಿಗಳು' ಎಂದಷ್ಟೇ ಬರೆದರೆ ಸಮಾನಧರ್ಮ ಇಲ್ಲ, ಅದು ಲುಪ್ತೋಪಮೆ. ಉದುರುವುದೋ, ತಿಳಿಯಾಗಿರುವುದೋ, ದುಃಖವೋ? ಬಿಟ್ಟ ಜಾಗವನ್ನು ಓದುಗರೇ ತುಂಬಿಕೊಳ್ಳಬೇಕು. ನನಗೆ ಪೂರ್ಣೋಪಮೆಗಿಂತ ಇದೇ ಇಷ್ಟ.

'ಈ ಹನಿಗಳೇ ಮರದ ಕಣ್ಣೀರು' ಎಂದಾಗ 'ಹಾಗೆ', 'ಅಂತೆ' ಯಾವುದೂ ಇಲ್ಲ. ಎರಡೂ ಒಂದೇ ಎಂದು ಹೇಳಿಬಿಟ್ಟೆವು, ಅಲ್ವಾ? ಅದು ರೂಪಕ. 'ಮರವೇ ಅಳುತ್ತಿದೆಯೋ ಎಂಬಂತೆ ಹನಿಗಳು ಉದುರಿದವು' ಎಂದರೆ ಅದು ಉತ್ಪ್ರೇಕ್ಷೆ. ಇಲ್ಲಿ ಹೋಲಿಕೆಗಿಂತ ಊಹೆ ಮುಖ್ಯ. ಒಂದನ್ನು ಮತ್ತೊಂದೆಂದು ಕಲ್ಪಿಸಿಕೊಳ್ಳುತ್ತೇವೆ.

ಹಾಗಾಗಿ 'ಅಂತೆ' ಕಂಡ ಮಾತ್ರಕ್ಕೆ ಉಪಮೆ ಎಂದು ಬರೆದುಬಿಡಬೇಡಿ. 'ಅವರು ನಾಳೆ ಬರುತ್ತಾರಂತೆ' ಎಂಬುದು ಕೇಳಿದ ಸುದ್ದಿ. 'ಹೇಳಿದಂತೆ ಮಾಡಿದೆ' ಎಂಬಲ್ಲಿಯೂ ಅಲಂಕಾರವಿಲ್ಲ. ಎರಡು ವಸ್ತುಗಳಿವೆಯೇ, ಅವುಗಳ ನಡುವೆ ಹೋಲಿಕೆ ಇದೆಯೇ ಎಂದೇ ನೋಡಬೇಕು.

ದೃಷ್ಟಾಂತ ಸುಲಭ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಎರಡು ವಾಕ್ಯಗಳು ಅಕ್ಕಪಕ್ಕ ನಿಂತು ಕನ್ನಡಿಯಂತೆ ಒಂದನ್ನೊಂದು ತೋರಿಸುತ್ತವೆ. ಶ್ಲೇಷೆಗೆ ಮತ್ತೆ ಪದ ಬದಲಿಸುವ ಪರೀಕ್ಷೆಯೇ ಸಾಕು. 'ಅರಸನ ಕರ ಎಲ್ಲರ ಮೇಲೂ ಇತ್ತು' ಎಂಬಲ್ಲಿ ಕರ ಅಂದರೆ ಕೈಯೂ ಹೌದು, ತೆರಿಗೆಯೂ ಹೌದು. 'ಕೈ' ಎಂದು ಬರೆದರೆ ತೆರಿಗೆ ಮಾಯ. ವ್ಯಾಜಸ್ತುತಿಗೆ ಮಾತ್ರ ಸಂದರ್ಭ ಗೊತ್ತಿರಬೇಕು. ತಡವಾಗಿ ಬಂದವರಿಗೆ 'ನಿಮ್ಮಷ್ಟು ಸಮಯಪಾಲನೆ ಯಾರಿಗಿದೆ!' ಎಂದರೆ ಹೊಗಳಿಕೆಯ ವೇಷದಲ್ಲಿ ತೆಗಳಿಕೆ ಬಂದಿದೆ.

ಭಾಷಣದಲ್ಲಿ ಪುನರುಕ್ತಿಯನ್ನು ಹುಡುಕಿ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಆ ದೇಶದ ಅಧ್ಯಕ್ಷ ಅಬ್ರಹಾಂ ಲಿಂಕನ್ ಬಹಳ ಚಿಕ್ಕ ಭಾಷಣ ಮಾಡಿದರು. ಅದರ ಕೊನೆಯ 'ಜನರ, ಜನರಿಂದ, ಜನರಿಗಾಗಿ' ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಪದ ಒಂದೇ, ಪ್ರತಿ ಸಲವೂ ಸಂಬಂಧ ಬೇರೆ. ಅದಕ್ಕೇ ಮೂರು ಸಲ ಬಂದರೂ ಬೇಸರವಾಗುವುದಿಲ್ಲ. 'ಇದನ್ನು ನಾವು ಸಹಿಸಬೇಕೇ?' ಎಂಬಂಥ ಪ್ರಶ್ನೆಗಳನ್ನೂ ಗಮನಿಸಿ. ಅಲ್ಲಿ ಉತ್ತರ ಮೊದಲೇ ತೀರ್ಮಾನವಾಗಿರುತ್ತದೆ.

ಕೊನೆಯ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಅಲಂಕಾರ ತೆಗೆದು ಸಾಲನ್ನು ಸುಮ್ನೆ ಸಾದಾ ಮಾತಿನಲ್ಲಿ ಬರೆಯಿರಿ. ಕವಿತೆಯಲ್ಲಾದರೆ ಏನು ಕಳೆದುಹೋಯಿತು ಎಂದು ತಿಳಿಯುತ್ತದೆ. ಸುದ್ದಿಯಲ್ಲಿ, ಭಾಷಣದಲ್ಲಿ ಏನು ಸೇರಿಕೊಂಡಿತ್ತು ಎಂದು ತಿಳಿಯುತ್ತದೆ. ಬೇರೆ ಕಡೆಯಿಂದ ಬಂದವರನ್ನು 'ಜನರ ಪ್ರವಾಹ' ಎಂದರೆ ಮನಸ್ಸು ತಾನಾಗಿ ಅಣೆಕಟ್ಟಿನ ಕಡೆ ಓಡುತ್ತದೆ. ಪ್ರವಾಹ ಅಂದ ಮೇಲೆ ತಡೆಯಲೇಬೇಕಲ್ಲ! 'ಇಷ್ಟು ಜನ ಬಂದರು' ಎಂದು ಬರೆದುಕೊಳ್ಳಿ. ಆಗ ಎಷ್ಟು ಜನ, ಯಾಕೆ ಬಂದರು ಎಂಬ ಪ್ರಶ್ನೆಗಳು ಏಳುತ್ತವೆ. ವಾದ ಗಟ್ಟಿಯಾಗಿದೆಯೇ ಎಂದು ಆಗ ಪರಿಶೀಲಿಸಬಹುದು.